ಕುಕ್ಕುವ ಹೇಂಟೆಯನ್ನು ಸಾರಿಗೆ ಹಾಕುವ ಮುನ್ನ

ಅಕ್ಕರೆಯಿಂದ ಸಾಕಿದ ಹೇಂಟೆ ಇದ್ದಕ್ಕಿದ್ದಂತೆ ಕೈಗೆ ಕುಕ್ಕಿದರೆ, ಮಕ್ಕಳ ಮೇಲೆ ಎಗರಿದರೆ, ಅದಕ್ಕೆ ಕೆಟ್ಟ ಬುದ್ಧಿ ಬಂತೆಂದು ಸಾರಿಗೆ ಹಾಕುವವರುಂಟು. ಇದು ದುಡುಕು ಎಂಬುದು ನನ್ನ ಅಭಿಪ್ರಾಯ. ರೈತ ಬಾಂಧವರೇ, ಮೊದಲು ಕಾರಣ ಹುಡುಕಿರಿ.

ಹೇಂಟೆ ಗರಿ ಕೆದರಿಕೊಂಡು ಗೂಡು ಬಿಡದೆ ಕೂತಿದ್ದರೆ ಅದು ಕಾವಿಗೆ ಬಂದಿದೆ ಎಂದು ತಿಳಿಯಿರಿ. ಮರಿಗಳಿದ್ದರೆ ಅವನ್ನು ಕಾಯಲೆಂದೇ ಎಗರುತ್ತದೆ. ಕಾಗೆ, ಹದ್ದುಗಳಿಂದ ಮರಿ ಉಳಿಸುವವಳೂ ಇಂಥ ತಾಯಿಯೇ. ಇವಳನ್ನು ಕೊಯ್ದು ಮುಂದಿನ ಮರಿಗಳಿಗೆ ಯಾರನ್ನು ನಂಬುತ್ತೀರಿ? ಮರಿ ಬೇಕಿದ್ದರೆ ಮೊಟ್ಟೆಯಿಟ್ಟು, ಹತ್ತಿರದಲ್ಲೇ ನೀರು, ಕಾಳು ಒದಗಿಸಿ, 21 ದಿನ ಅದರ ಪಾಡಿಗೆ ಬಿಡಿರಿ. ಬೇಡವಾದರೆ ಗಾಳಿಯಾಡುವ ಪಂಜರದಲ್ಲಿ ಹುಲ್ಲು ಹಾಸದೆ, ನೀರು, ಕಾಳು ಕೊಟ್ಟು ಮೂರು ನಾಲ್ಕು ದಿನ ಇಡಿರಿ. ಕಾವು ಬಿಡಿಸಲು ಮೂಗಿಗೆ ಗರಿ ಚುಚ್ಚುವುದು, ನೀರಿನಲ್ಲಿ ಅದ್ದುವುದು ಬರೀ ಹಿಂಸೆ.

ಜೊತೆಯ ಕೋಳಿಗಳನ್ನು ಕುಕ್ಕುತ್ತಿದ್ದರೆ ಗೂಡು ಇಕ್ಕಟ್ಟಾಗಿದೆಯೇ ನೋಡಿರಿ. ಕೋಳಿಗಳಲ್ಲಿಯೂ ಹಿರಿತನದ ಸರದಿಯುಂಟು. ನಾರ್ವೆಯ ವಿಜ್ಞಾನಿ ಶೆಲ್ಡೆರುಪ್-ಎಬ್ಬೆ ಇದನ್ನು 1922ರಲ್ಲಿಯೇ ವಿವರಿಸಿದ್ದರು. ಕಾಳನ್ನು ಒಂದೇ ಕಡೆ ಹಾಕದೆ ಎರಡು ಮೂರು ಕಡೆ ಹಾಕಿದರೆ ಸೋತ ಕೋಳಿಯೂ ಉಣ್ಣುತ್ತದೆ. ಗಾಯವಾದ ಕೋಳಿಯನ್ನು ಕೂಡಲೇ ಬೇರ್ಪಡಿಸಿರಿ. ರಕ್ತ ಕಂಡರೆ ಉಳಿದವೂ ಕುಕ್ಕುತ್ತವೆ. ಕುಕ್ಕುವ ಕೋಳಿಯನ್ನು ಕೆಲವು ದಿನ ದೂರವಿಟ್ಟರೆ ಮರಳಿ ಬಂದಾಗ ಅದರ ಜೋರು ತಗ್ಗುವುದುಂಟು.

ಇವಾವುವೂ ಅಲ್ಲದಿದ್ದರೆ ಗರಿ ಸರಿಸಿ ಹೇನು, ಗಾಯಗಳನ್ನು ಹುಡುಕಿರಿ, ಪಶುವೈದ್ಯರಿಗೆ ತೋರಿಸಿರಿ. ನೋವಿರುವ ಕೋಳಿಯೂ ಕುಕ್ಕುತ್ತದೆ.