ಬಚ್ಚಲುಮನೆ ತೋರಿಸಿ

ನಾವು ಹೆಂಗಸರು ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ ಹುಳುಕು ನೋಡುತ್ತೇವೆ. ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಡಿಸಿ ಹಾಕಿಸಿ, ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು, ಆಮೇಲೂ ಬೇಡವೆಂದು ಎದ್ದು ಬರುತ್ತೇವೆ. ಮನೆಯ ಹಿರಿಯರಿಗೆ ವೃದ್ಧಾಶ್ರಮ ನೋಡಲು ಹೋದಾಗ ಮಾತ್ರ ತಲೆ ತಗ್ಗಿಸಿಕೊಂಡು ಹೋಗುತ್ತೇವೆ. ಕಚೇರಿಯಲ್ಲಿ ಹತ್ತು ನಿಮಿಷ ಕುಳಿತು, ಕೇಳಿದಷ್ಟು ಠೇವಣಿ ಕಟ್ಟಿ, ಯಾರ ಕಣ್ಣಿಗೂ ಬೀಳದ ಹಾಗೆ ಮನೆ ಸೇರುತ್ತೇವೆ. ಕಾರಣ ನಾಚಿಕೆ. ಈ ನಾಚಿಕೆಯ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟಿದೆ.

ನಾವಾಡುವ ಮಾತನ್ನೇ ನೋಡಿ. ಮಗುವನ್ನು ಹಾಸ್ಟೆಲಿಗೆ 'ಸೇರಿಸುತ್ತೇವೆ'. ರೋಗಿಯನ್ನು ಆಸ್ಪತ್ರೆಗೆ 'ಸೇರಿಸುತ್ತೇವೆ'. ಹಿರಿಯರನ್ನು ಮಾತ್ರ ಆಶ್ರಮಕ್ಕೆ 'ಹಾಕುತ್ತೇವೆ', ಹಳೇ ಪೇಪರನ್ನು ರದ್ದಿಗೆ ಹಾಕಿದ ಹಾಗೆ. ಹಾಕಿದವರು ಯಾರು ಎಂದರೆ ಇಡೀ ಬೀದಿಗೆ ಒಂದೇ ಉತ್ತರ: ಸೊಸೆ!

ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಒಂದು ಕೇಂದ್ರ ಕಾಯಿದೆ ಬಂತು. ಅದರ ಪ್ರಕಾರ 'ಮಕ್ಕಳು' ಎಂದರೆ ಮಗ, ಮಗಳು, ಪ್ರಾಯಕ್ಕೆ ಬಂದ ಮೊಮ್ಮಗ, ಮೊಮ್ಮಗಳು. ಆ ಪಟ್ಟಿಯಲ್ಲಿ ಸೊಸೆ ಇಲ್ಲ. ಕಾನೂನು ಹೊರಿಸದ ಹೊರೆಯನ್ನು ನೆರೆಹೊರೆ ಹೊರಿಸಿದೆ. ಅದೇ ಕಾಯಿದೆ, ನೋಡಿಕೊಳ್ಳಬೇಕಾದವರು ಹಿರಿಯರನ್ನು ಎಲ್ಲಾದರೂ ಬಿಟ್ಟು ಕೈತೊಳೆದುಕೊಂಡರೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎನ್ನುತ್ತದೆ. ಸರಿ, ಒಪ್ಪೋಣ. ಆದರೆ ಜಿಲ್ಲೆಗೆ ಒಂದಾದರೂ, ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸಾಲುವ ಆಶ್ರಮ ಕಟ್ಟುವ ಮಾತು ಬಂದಾಗ ಸರ್ಕಾರ ಕಟ್ಟ'ಬಹುದು' ಎಂದು ಮೆತ್ತಗಾಗುತ್ತದೆ. ನಮಗೆ ಜೈಲು, ಅವರಿಗೆ 'ಬಹುದು'!

ನಮ್ಮ ಅತ್ತೆಗೆ ಎಂಬತ್ತೆರಡು. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ವಾಕರ್ ಬಂತು. ನನಗೆ ಐವತ್ತೆಂಟು, ಎರಡು ಮಂಡಿಯೂ ಹಿಡಿದಿವೆ. ನಮ್ಮವರಿಗೆ ಹೃದಯದ ಆಪರೇಷನ್ ಆಗಿದೆ, ಭಾರ ಎತ್ತುವಂತಿಲ್ಲ. ಹಗಲಿಗೆ ಗೊತ್ತುಮಾಡಿದ ಹುಡುಗಿ ಮೂರನೇ ತಿಂಗಳು ಮದುವೆಯಾಗಿ ಹೋದಳು. "ಅತ್ತಿಗೆ, ಅಮ್ಮನನ್ನ ಹಾಕಿಬಿಡ್ತೀರಾ?" ಎಂದು ನಾದಿನಿ ಫೋನಿನಲ್ಲಿ ಅತ್ತಳು. "ನೀನೇ ಕರಕೊಂಡು ಹೋಗಮ್ಮ" ಎಂದೆ. ಅವಳದು ಮೂರನೇ ಮಹಡಿ, ಲಿಫ್ಟ್ ಇಲ್ಲ.

ಮೂರು ಕಡೆ ಹೋಗಿ ನೋಡಿದೆವು. ಮೊದಲನೆಯದರಲ್ಲಿ ಅಮೃತಶಿಲೆಯ ನೆಲ, ಭಜನೆಯ ಹಾಲು, ಗೋಡೆ ತುಂಬ ದಾನಿಗಳ ಹೆಸರು. "ಬಚ್ಚಲುಮನೆ ತೋರಿಸಿ" ಎಂದೆ. "ಅದ್ಯಾಕಮ್ಮಾ?" ಎಂದರು. ಅದಕ್ಕೇ ಬಂದದ್ದಲ್ಲವೆ! ಹೊಸ್ತಿಲು ಗೇಣೆತ್ತರ, ನುಣುಪು ಟೈಲ್ಸು, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಬಾಗಿಲ ಚಿಲಕ ಒಳಗಿನಿಂದ ಮಾತ್ರ. ಒಳಗೆ ಬಿದ್ದವರನ್ನು ಎತ್ತಲು ಬಾಗಿಲು ಒಡೆಯಬೇಕು. ಎರಡನೆಯದರಲ್ಲಿ ಕಂಬಿ ಇತ್ತು, ರಾತ್ರಿ ಆಯಾ ಇರಲಿಲ್ಲ. ಮೂವತ್ತು ಜನಕ್ಕೆ ಗೇಟಿನ ಕಾವಲುಗಾರ ಒಬ್ಬನೇ. ಸಂಜೆ ಆರಕ್ಕೆ ಊಟ ಮುಗಿದರೆ ಬೆಳಿಗ್ಗೆ ಎಂಟಕ್ಕೆ ತಿಂಡಿ. ಸಕ್ಕರೆ ಕಾಯಿಲೆಯವರು ಹದಿನಾಲ್ಕು ಗಂಟೆ ಏನು ಮಾಡಬೇಕು? "ಎಲ್ಲ ಹೊಂದಿಕೊಳ್ತಾರಮ್ಮ" ಎಂದರು. ಈ 'ಹೊಂದಿಕೊಳ್ಳುವುದು' ಎಂಬ ಮಾತನ್ನು ಮದುವೆಯಾದ ದಿನದಿಂದ ಕೇಳಿದ್ದೇನೆ. ಎಂಬತ್ತೆರಡರಲ್ಲೂ ಬಿಡುಗಡೆ ಇಲ್ಲವೆ?

ಮೂರನೆಯದು ಹಳೇ ಹೆಂಚಿನ ಮನೆ. ಅಮೃತಶಿಲೆ ಇರಲಿಲ್ಲ. ಆಯಾ ಒಬ್ಬಳು ಅಜ್ಜಿಯೊಬ್ಬರ ತಲೆ ಬಾಚುತ್ತ ಬೈಸಿಕೊಳ್ಳುತ್ತಿದ್ದಳು. ಬೈಯುವ ಧೈರ್ಯ ಇರುವ ಜಾಗದಲ್ಲಿ ಹೆದರಿಕೆ ಕಡಿಮೆ ಎಂದು ನನ್ನ ಲೆಕ್ಕ. ಅಲ್ಲಿಗೆ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆವು. ನಾನು ಹತ್ತು ಪ್ರಶ್ನೆ ಕೇಳಿದರೆ ಅವರು ಕೇಳಿದ್ದು ಒಂದೇ: "ಬೇಡ ಅನ್ನಿಸಿದ್ರೆ ನಾನು ವಾಪಸು ಹೋಗಬಹುದಾ?" ನಡೆಸುವವರು ನಮ್ಮವರ ಮುಖ ನೋಡಲಿಲ್ಲ, ಅತ್ತೆಯ ಮುಖ ನೋಡಿಯೇ, "ಒಂದು ತಿಂಗಳು ಇದ್ದು ನೋಡಿ ತಾಯಿ, ಆಮೇಲೆ ಮುಂಗಡದ ಮಾತು" ಎಂದರು. "ಹಾಗಾದ್ರೆ ಇರ್ತೀನಿ ಕಣೇ" ಎಂದರು ಅತ್ತೆ, ನನಗೆ.

ತಾಯಿಯನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ನಮ್ಮ ಸಂಸ್ಕೃತಿ ಎನ್ನುವವರು ಇದ್ದಾರೆ. ಇಟ್ಟುಕೊಳ್ಳಲಿ, ಕೈಮುಗಿಯುತ್ತೇನೆ. ಆದರೆ ಹಾಗೆನ್ನುವ ಗಂಡಸರು ಒಂದು ವಾರ ತಾವೇ ತಾಯಿಯ ಬಟ್ಟೆ ಬದಲಿಸಿ ಆಮೇಲೆ ಮಾತಾಡಲಿ. ಹಿತ್ತಲ ಕೋಣೆಯಲ್ಲಿ ಬಾಗಿಲು ಮುಂದೆಮಾಡಿ ಮಲಗಿಸಿ, ಹೊತ್ತಿಗೊಂದು ತಟ್ಟೆ ಒಳಕ್ಕೆ ಸರಿಸುವ ಮನೆಗಳನ್ನೂ ನಾನು ನೋಡಿದ್ದೇನೆ. ಅದಕ್ಕೆ ಯಾರೂ 'ಹಾಕಿದರು' ಎನ್ನುವುದಿಲ್ಲ.

ನಾವು ನಾಚಿಕೊಂಡಷ್ಟೂ ಆಶ್ರಮದವರಿಗೆ ಲಾಭ. ಕೇಳುವವರಿಲ್ಲದ ಕಡೆ ಕಂಬಿಗೆ, ರಾತ್ರಿ ಆಯಾಗೆ ಯಾರು ದುಡ್ಡು ಖರ್ಚು ಮಾಡುತ್ತಾರೆ? ಆದ್ದರಿಂದ ತಲೆಯೆತ್ತಿ ಹೋಗಿ. ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ, ಮತ್ತೊಮ್ಮೆ ರಾತ್ರಿ ಹೋಗಿ. ರಾತ್ರಿ ಎಷ್ಟು ಜನ ಎದ್ದಿರುತ್ತಾರೆ, ಡಾಕ್ಟರು ಯಾವತ್ತು ಬರುತ್ತಾರೆ, ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ, ಬಿಟ್ಟು ಹೊರಟರೆ ಠೇವಣಿ ವಾಪಸು ಬರುತ್ತದೆಯೇ, ಎಲ್ಲವನ್ನೂ ಕೇಳಿ ಕಾಗದದ ಮೇಲೆ ಬರೆಸಿಕೊಳ್ಳಿ. ಅಲ್ಲಿರುವವರನ್ನು ನಡೆಸುವವರ ಎದುರಿಗಲ್ಲ, ಬೇರೆಯಾಗಿ ಮಾತಾಡಿಸಿ. ಸೇರಿಸಿದ ಮೇಲೂ ಹೋಗುತ್ತಿರಿ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅರುವತ್ತು ದಾಟಿದವರು ಸುಮಾರು 10.4 ಕೋಟಿ. ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಆ ಮಂಚಗಳ ಮೇಲೆ ನಾಳೆ ಮಲಗುವವರಲ್ಲಿ ನಾವೂ ಇರಬಹುದು, ನಮ್ಮ ಸೊಸೆಯಂದಿರು ನೋಡಲು ಬರಬಹುದು. ಬಚ್ಚಲುಮನೆ ತೋರಿಸಿ ಎಂದು ಕೇಳುವುದನ್ನು ಈಗಲೇ ಅವರಿಗೆ ಕಲಿಸಿಡೋಣ.