ಬೀಗ ಹಾಕಬೇಕಾಗಿದ್ದುದು ಯಾವ ಬಾಗಿಲಿಗೆ?

‘ಮನೆಯವರು ನೋಡಿಕೊಳ್ಳಬಾರದಿತ್ತೇ?’ ಮರೆವಿನ ಕಾಯಿಲೆಯ ಹಿರಿಯರು ದಾರಿ ತಪ್ಪಿದಾಗ ನಮ್ಮ ಬೀದಿಗಳಲ್ಲಿ ಮೊದಲು ಕೇಳುವ ಮಾತಿದು. ಜಪಾನಿನಲ್ಲಿ ಒಂದು ರೈಲ್ವೆ ಕಂಪನಿ ಇದೇ ಮಾತನ್ನು ಕೋರ್ಟಿಗೆ ಒಯ್ದಿತ್ತು.

2007ರ ಡಿಸೆಂಬರ್, ಐಚಿ ಪ್ರಾಂತ್ಯದ ಓಬು ನಗರ. ಡಿಮೆನ್ಷಿಯಾ ಇದ್ದ ಅಜ್ಜನಿಗೆ 91 ವರ್ಷ, ಕಾಯುತ್ತಿದ್ದ ಹೆಂಡತಿಗೆ 85. ಆಕೆಯೂ ಗಟ್ಟಿಮುಟ್ಟಾಗಿರಲಿಲ್ಲ. ಮಾವನ ಆರೈಕೆಗೆಂದೇ ಹಿರಿಸೊಸೆ ಗಂಡನನ್ನು ಯೊಕೊಹಾಮಾದಲ್ಲಿ ಬಿಟ್ಟು ಬಂದು ನೆಲೆಸಿದ್ದರು. ಅಜ್ಜನ ಬಟ್ಟೆಗೆ ಹೆಸರು, ಫೋನ್ ನಂಬರ್ ಹೊಲಿದಿದ್ದರು. ಆ ಸಂಜೆ ಸೊಸೆ ಹೊರಗೆ ಕೆಲಸದಲ್ಲಿದ್ದಾಗ ಅತ್ತೆಗೆ ಜೊಂಪು ಹತ್ತಿತು. ಅಜ್ಜ ಹೊರಟರು. ರೈಲು ಹತ್ತಿ ಕ್ಯೋವಾ ನಿಲ್ದಾಣದಲ್ಲಿ ಇಳಿದು, ಪ್ಲಾಟ್‌ಫಾರ್ಮ್ ತುದಿಯ ಗೇಟು ದಾಟಿ ಹಳಿಗಿಳಿದವರು ರೈಲಿಗೆ ಸಿಕ್ಕಿ ಸತ್ತರು. ಆ ಗೇಟಿಗೆ ಬೀಗ ಇರಲಿಲ್ಲ.

ರೈಲು ತಡವಾದ ನಷ್ಟಕ್ಕೆ ಕಂಪನಿ ಕುಟುಂಬದಿಂದ ಸುಮಾರು 72 ಲಕ್ಷ ಯೆನ್ ಕೇಳಿತು. 2013ರಲ್ಲಿ ನಗೋಯಾ ಜಿಲ್ಲಾ ನ್ಯಾಯಾಲಯ ಹೆಂಡತಿ, ಹಿರಿಮಗ ಕಟ್ಟಲಿ ಎಂದಿತು. ಮರುವರ್ಷ ಹೈಕೋರ್ಟು ಹೆಂಡತಿ ಅರ್ಧ ಕಟ್ಟಿದರೆ ಸಾಕೆಂದಿತು. ಮೊದಲ ತೀರ್ಪಿಗೆ 85ರ ಮುದುಕಿ ರೆಪ್ಪೆ ಮುಚ್ಚಿದ್ದು ಲೋಪವಾಯಿತು, ಸಾವಿರಾರು ಜನ ಓಡಾಡುವ ನಿಲ್ದಾಣದ ಬೀಗವಿಲ್ಲದ ಗೇಟು ಆಗಲಿಲ್ಲ! ಕೊನೆಗೆ 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಇಬ್ಬರನ್ನೂ ಬಿಟ್ಟಿತು.

ಈ ತೀರ್ಪನ್ನು ಹಲವರು ಕೊಂಡಾಡಿದರು. ನನಗೆ ಅಷ್ಟು ಸಮಾಧಾನವಿಲ್ಲ. ಹೆಂಡತಿ, ಮಗ ಎಂಬ ಕಾರಣಕ್ಕೇ ಹೊಣೆ ಬರುವುದಿಲ್ಲ, ಆರೈಕೆಯಲ್ಲಿ ಯಾರು ಎಷ್ಟು ತೊಡಗಿದ್ದರು ಎಂದು ಅಳೆದು ನೋಡಬೇಕು ಎಂದಿತು ಕೋರ್ಟು. ಹಾಗಾದರೆ ಹತ್ತಿರವಿದ್ದು ಹೇಸಿಗೆ ಬಳಿದವಳೇ ಸಿಕ್ಕಿಬೀಳುತ್ತಾಳೆ, ದೂರದಿಂದ ಫೋನ್ ಮಾಡಿದವನು ಪಾರಾಗುತ್ತಾನೆ. ಅಂಥ ಭಯವಿದ್ದರೆ ಮನೆಯವರು ಮಾಡುವುದು ಒಂದೇ: ಹೊರಗಿನಿಂದ ಚಿಲಕ.

ನಷ್ಟವಾದದ್ದು ನಿಜವಲ್ಲವೇ, ಯಾರಾದರೂ ಭರಿಸಬೇಕಲ್ಲ ಎನ್ನುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೆ ಜಪಾನಿನದೇ ಕೋಬೆ ನಗರ ಉತ್ತರ ಕೊಟ್ಟಿದೆ. 2019ರಿಂದ ಅಲ್ಲಿ ತೆರಿಗೆ ಕಟ್ಟುವವರೆಲ್ಲ ವರ್ಷಕ್ಕೆ 400 ಯೆನ್ ಹೆಚ್ಚು ಕೊಡುತ್ತಾರೆ. ಕಾಯಿಲೆ ಪತ್ತೆ ಮಾಡುವ ತಪಾಸಣೆಗೂ ಇಂಥ ಅವಘಡಗಳ ವಿಮೆಗೂ ಅದೇ ಹಣ.

ನಮ್ಮಲ್ಲಿ ಇದಾಗದು ಎನ್ನಬೇಡಿ. ಕರ್ನಾಟಕದ ನಗರಗಳಲ್ಲಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ಎಂದು ವರ್ಷ ವರ್ಷ ಕಟ್ಟುತ್ತಲೇ ಇದ್ದೇವೆ. ಆ ರಸೀದಿಯಲ್ಲಿ ಮರೆವಿನ ಹಿರಿಯರಿಗೂ ಒಂದು ಸಾಲು ಸೇರಲಿ ಎಂದು ಯಾವ ಪಾಲಿಕೆ ಮೊದಲು ಠರಾವು ಮಾಡುತ್ತದೋ ನೋಡೋಣ.