ಊರಿನ ಲೆಕ್ಕ ಊರಿಗೂ ಸಿಗಲಿ

ದಕ್ಷಿಣ ಭಾರತದ ಹಳ್ಳಿಗಳ ಆರ್ಥಿಕ ಬದುಕನ್ನು ಕುರಿತ ಮೊದಮೊದಲ ವ್ಯವಸ್ಥಿತ ಅಧ್ಯಯನಗಳಲ್ಲಿ ಒಂದು ರೂಪುಗೊಂಡದ್ದು ವಿದ್ಯಾರ್ಥಿಗಳ ಕೈಯಲ್ಲಿ. 1915ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಬಂದ ಗಿಲ್ಬರ್ಟ್ ಸ್ಲೇಟರ್ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ ತಮ್ಮ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಊರಿನ ಜಮೀನು ಯಾರ ಕೈಯಲ್ಲಿದೆ, ಕೂಲಿ ಎಷ್ಟು, ಸಾಲದ ಹೊರೆ ಎಂಥದು ಎಂಬುದನ್ನು ಅವರು ತಮಗೆ ಪರಿಚಯವಿದ್ದ ಹಳ್ಳಿಗಳಲ್ಲಿ ವಿಚಾರಿಸಿ ಬರೆದರು. 1918ರಲ್ಲಿ ಅದು ಪುಸ್ತಕವಾಯಿತು. ಮುಂದೆ ಪಿ.ಜೆ. ಥಾಮಸ್ ಮತ್ತು ಕೆ.ಸಿ. ರಾಮಕೃಷ್ಣನ್ ಅವರ ನೇತೃತ್ವದಲ್ಲಿ ನಡೆದ ಮರುಸಮೀಕ್ಷೆ 1940ರಲ್ಲಿ ಹೊರಬಂತು. ಆ ಹಳ್ಳಿಗಳಲ್ಲಿ ಒಂದಾದ ತಮಿಳುನಾಡಿನ ಇರುವೇಲ್‌ಪಟ್ಟನ್ನು ವಿದ್ವಾಂಸರು 1981ರಲ್ಲಿ, ಮತ್ತೆ 2008ರಲ್ಲಿ ಅಧ್ಯಯನ ಮಾಡಿದರು. ಒಂದು ಊರಿನಲ್ಲಿ ಭೂಮಾಲೀಕರ ಹಿಡಿತ ಹೇಗಿತ್ತು, ಹೇಗೆ ಸಡಿಲವಾಯಿತು ಎಂಬ ತೊಂಬತ್ತು ವರ್ಷಗಳ ಕಥನ ಇಂದು ನಮಗೆ ದೊರೆಯುತ್ತಿದ್ದರೆ, ಅದಕ್ಕೆ ಅಡಿಪಾಯ ಹಾಕಿದ್ದು ವಿದ್ಯಾರ್ಥಿ ಸಮೀಕ್ಷೆ.

ಅದೇ ಕಾಲದಲ್ಲಿ ಪುಣೆಯ ಕೃಷಿ ಕಾಲೇಜಿನ ಪ್ರಾಂಶುಪಾಲ ಹೆರಾಲ್ಡ್ ಮ್ಯಾನ್ ತಮ್ಮ ಕಾಲೇಜಿನ ಸಹೋದ್ಯೋಗಿಗಳನ್ನು ಜತೆಗೂಡಿಸಿಕೊಂಡು ಸಮೀಪದ ಪಿಂಪಳೆ ಸೌದಾಗರ ಎಂಬ ಹಳ್ಳಿಯ ಭೂಮಿ ಮತ್ತು ದುಡಿಮೆಯ ಲೆಕ್ಕ ತೆಗೆದರು. 1771ರಲ್ಲಿ ಸರಾಸರಿ 40 ಎಕರೆಯಷ್ಟಿದ್ದ ಹಿಡುವಳಿ 1915ರ ಹೊತ್ತಿಗೆ 7 ಎಕರೆಗೆ ಇಳಿದಿತ್ತು ಎಂಬುದನ್ನು 1917ರಲ್ಲಿ ಪ್ರಕಟವಾದ ಆ ಅಧ್ಯಯನ ತೋರಿಸಿತು. ಹಿಡುವಳಿಗಳು ತುಂಡಾಗುವ ಸಮಸ್ಯೆಯ ಬಗ್ಗೆ ಮುಂದೆ ನಡೆದ ಎಷ್ಟೋ ಚರ್ಚೆಗಳಿಗೆ ಈ ಒಂದು ಹಳ್ಳಿಯ ಲೆಕ್ಕ ಆಧಾರವಾಯಿತು. ಆ ಹಳ್ಳಿ ಇಂದು ಪಿಂಪ್ರಿ-ಚಿಂಚವಾಡದ ಬಹುಮಹಡಿ ವಸತಿ ಬಡಾವಣೆ. ಹೊಲಗಳು ಹೋದವು, ಕಾಲೇಜಿನ ಅಧ್ಯಾಪಕರು ಬರೆದಿಟ್ಟದ್ದು ಉಳಿಯಿತು.

ಈ ಹಳೆಯ ಸಂಗತಿಗಳನ್ನು ಇಲ್ಲಿ ನೆನೆಯಲು ಕಾರಣವಿದೆ. ಬಯಲುಸೀಮೆಯ ತಾಲ್ಲೂಕು ಕೇಂದ್ರವೊಂದರ ಪ್ರಥಮ ದರ್ಜೆ ಕಾಲೇಜಿನಲ್ಲಿ ದೀರ್ಘಕಾಲ ಅರ್ಥಶಾಸ್ತ್ರ ಬೋಧಿಸಿದವನು ನಾನು. ಸಂಶೋಧನೆ ಎಂದರೆ ವಿಶ್ವವಿದ್ಯಾಲಯಗಳ, ರಾಜಧಾನಿಯ ಸಂಸ್ಥೆಗಳ ಕೆಲಸ; ಸಣ್ಣ ಊರಿನ ಕಾಲೇಜು ಪಾಠ ಮಾಡಿ, ಪರೀಕ್ಷೆ ನಡೆಸಿ, ಫಲಿತಾಂಶ ಕೊಟ್ಟರೆ ಸಾಕು ಎಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದನ್ನು ಬಲ್ಲೆ. ಅಧ್ಯಾಪಕರೇ ಅದನ್ನು ಒಪ್ಪಿಕೊಂಡುಬಿಟ್ಟಿದ್ದಾರೆ. ಆದರೆ ಸಮಾಜ ವಿಜ್ಞಾನದ ಮಟ್ಟಿಗೆ ಈ ಭಾವನೆ ತಲೆಕೆಳಗಾದದ್ದು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಸಂಸ್ಥೆಗಳು ಹಣ ಕೊಟ್ಟು, ಕಷ್ಟಪಟ್ಟು ಸಂಪಾದಿಸಬೇಕಾದ ಒಂದು ಅನುಕೂಲ ಸಣ್ಣ ಕಾಲೇಜಿಗೆ ಪುಕ್ಕಟೆಯಾಗಿ ಒದಗಿದೆ. ಅದು ಅಲ್ಲಿಯೇ ಇದೆ, ಅಲ್ಲಿಯೇ ಇರುತ್ತದೆ. ಸುತ್ತಲಿನ ಹತ್ತಾರು ಹಳ್ಳಿಗಳಿಂದ ಹುಡುಗ ಹುಡುಗಿಯರು ಬೆಳಿಗ್ಗೆ ಬಸ್ಸು ಹಿಡಿದು ಬಂದು, ಸಂಜೆ ಅವೇ ಹಳ್ಳಿಗಳಿಗೆ ಮರಳುತ್ತಾರೆ.

ಸ್ಥಳದಲ್ಲಿ ಇರುವುದು, ಮತ್ತೆ ಮತ್ತೆ ಹೋಗುವುದು ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ಮಂಡ್ಯವೇ ಸಾಕ್ಷಿ. 1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೀನ್ ಅಲ್ಲಿನ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ಒಂದಕ್ಕೆ ನಾಲೆಯ ನೀರು ಸಿಕ್ಕಿತ್ತು, ಇನ್ನೊಂದು ಸುತ್ತಲಿನ ನೀರಾವರಿಯ ನಡುವೆ ಒಣಗಿಯೇ ಉಳಿದಿತ್ತು. ನೀರು ಸಿಕ್ಕ ಊರು ಕಬ್ಬು ಬೆಳೆದು ಶ್ರೀಮಂತವಾಯಿತಾದರೂ ಅದರ ಹಳೆಯ ಸಾಮಾಜಿಕ ಕಟ್ಟುಪಾಡು ಹೆಚ್ಚು ಕದಲಲಿಲ್ಲ. ನೀರು ಸಿಗದ ಊರಿನವರು ಪಟ್ಟಣದ ನೌಕರಿ, ಸಾಗಾಟ, ವ್ಯಾಪಾರಗಳತ್ತ ಮುಖ ಮಾಡಿದ್ದರಿಂದ ಹೆಚ್ಚಿನ ಬದಲಾವಣೆ ಕಂಡದ್ದು ಅಲ್ಲಿ. ಕಚೇರಿಯಲ್ಲಿ ಕುಳಿತು ಊಹಿಸಲಾಗದ ಈ ಸತ್ಯ ಮನೆ ಮನೆ ತಿರುಗಿದಾಗ ಸಿಕ್ಕಿತು. ಎಪ್‌ಸ್ಟೀನ್ 1970ರಲ್ಲಿ ಮತ್ತೆ ಆ ಹಳ್ಳಿಗಳಿಗೆ ಬಂದರು. ಮೊದಲ ದಿನಗಳಲ್ಲಿ ಅವರ ಸಹಾಯಕರಾಗಿದ್ದ ಎ.ಪಿ. ಸೂರ್ಯನಾರಾಯಣ ನಾಲ್ಕು ದಶಕಗಳ ಬಳಿಕ 1998ರಲ್ಲಿ ಪ್ರಕಟವಾದ ಗ್ರಂಥಕ್ಕೆ ಸಹಲೇಖಕರಾದರು. ಹೊರಗಿನಿಂದ ಬಂದ ವಿದ್ವಾಂಸರಿಗೆ ಊರಿನ ಬಾಗಿಲು ತೆರೆಯಲು ಇಲ್ಲಿನವರ ಸಹಾಯ ಬೇಕಾಗುತ್ತದೆ. ಸಣ್ಣ ಕಾಲೇಜಿನ ವಿದ್ಯಾರ್ಥಿಗೆ ಆ ಬಾಗಿಲು ತನ್ನ ಮನೆಯದೇ.

ಹೀಗಿದ್ದೂ ನಮ್ಮ ವ್ಯವಸ್ಥೆ ಈ ಶಕ್ತಿಯನ್ನು ಹೇಗೆ ಬಳಸಿಕೊಂಡಿತು? ವಿಶ್ವವಿದ್ಯಾಲಯ ಅನುದಾನ ಆಯೋಗದ 2010ರ ನಿಯಮಾವಳಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿಯನ್ನು ತಂದಿತು. ಇಷ್ಟು ಲೇಖನಕ್ಕೆ ಇಷ್ಟು ಅಂಕ ಎಂದಾದ ಮೇಲೆ, ಹಣ ಕಟ್ಟಿಸಿಕೊಂಡು ಏನನ್ನು ಬೇಕಾದರೂ ಅಚ್ಚು ಹಾಕುವ ನಿಯತಕಾಲಿಕಗಳು ನಾಯಿಕೊಡೆಗಳಂತೆ ತಲೆಯೆತ್ತಿದವು. ಆಯೋಗವೇ 2018ರಲ್ಲಿ ತನ್ನ ಅನುಮೋದಿತ ಪಟ್ಟಿಯಿಂದ 4,305 ನಿಯತಕಾಲಿಕಗಳನ್ನು ಕಿತ್ತುಹಾಕಬೇಕಾಯಿತು. ಅಂಕಪದ್ಧತಿಯನ್ನೂ ಅದೇ ವರ್ಷ ಕೈಬಿಟ್ಟಿತು. ಬಳಿಕ ಬಂದ ಹೊಸ ಪಟ್ಟಿಯೂ 2025ರಲ್ಲಿ ರದ್ದಾಯಿತು. ಆದರೆ ಆ ವರ್ಷಗಳು ಬಿಟ್ಟುಹೋದ ಅಭ್ಯಾಸ ಹಾಗೆಯೇ ಉಳಿದಿದೆ. ಲೇಖನದ ಸಂಖ್ಯೆ ಎಷ್ಟು ಎಂದು ಕೇಳುವವರಿದ್ದಾರೆ. ಯಾವ ಊರಿನ ಬಗ್ಗೆ, ಏನು ಕಂಡಿರಿ ಎಂದು ಕೇಳುವವರು ವಿರಳ. ವಿದ್ಯಾರ್ಥಿಗಳು ಬರೆದ ಸಮೀಕ್ಷಾ ಪ್ರಬಂಧಗಳ ಗತಿಯಂತೂ ಎಲ್ಲರಿಗೂ ಗೊತ್ತು. ಮೌಲ್ಯಮಾಪನ ಮುಗಿದ ಮೇಲೆ ಅವು ಕಪಾಟಿನ ಮೇಲೆ ಸೇರುತ್ತವೆ. ನ್ಯಾಕ್ ತಂಡ ಬರುವಾಗ ಕೆಳಗಿಳಿಯುತ್ತವೆ, ತಂಡ ಹೋದ ಮೇಲೆ ಮತ್ತೆ ಮೇಲೇರುತ್ತವೆ.

ಇದರಿಂದಾಗುವ ನಷ್ಟ ಬರಿಯ ವಿದ್ಯೆಯ ನಷ್ಟವಲ್ಲ ಎಂಬುದನ್ನು ಒಂದು ನಿದರ್ಶನದಿಂದ ಹೇಳಬಯಸುತ್ತೇನೆ. ಕಿರುಸಾಲ ವಸೂಲಿಯ ಕಿರುಕುಳ ತಾಳಲಾರದೆ ಆತ್ಮಹತ್ಯೆ ಮಾಡಿಕೊಂಡವರ, ಮನೆಗೆ ಬೀಗ ಹಾಕಿ ಊರು ತೊರೆದವರ ಸುದ್ದಿಗಳು ಸಾಲುಸಾಲಾಗಿ ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸುಗ್ರೀವಾಜ್ಞೆ ಹೊರಡಿಸಿತು. ನೆರೆಯ ಆಂಧ್ರಪ್ರದೇಶ ಇಂಥದೇ ಬಿಕ್ಕಟ್ಟಿನಲ್ಲಿ 2010ರಲ್ಲಿಯೇ ಸುಗ್ರೀವಾಜ್ಞೆ ತಂದಿತ್ತು; ಎಚ್ಚರಿಕೆ ನಮಗೆ ಇರಲಿಲ್ಲ ಎನ್ನುವಂತಿಲ್ಲ. ಒಂದೇ ಮಹಿಳೆ ಎಷ್ಟು ಸಂಸ್ಥೆಗಳಿಂದ ಸಾಲ ಪಡೆದಿದ್ದಾಳೆ, ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ ಎತ್ತುವುದು ಎಂದಿನಿಂದ ಶುರುವಾಯಿತು, ವಾರದ ಯಾವ ದಿನ ಬೀದಿಯಲ್ಲಿ ವಸೂಲಿಗಾರರು ನಿಲ್ಲುತ್ತಾರೆ ಎಂಬುದು ಆ ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿನಿಯರಿಗೆ ತಿಳಿಯದ ಸಂಗತಿಯೇ? ಸಾಲ ಮಾಡಿದವರಲ್ಲಿ ಅವರ ತಾಯಂದಿರೂ ಇದ್ದರು. ಎಷ್ಟೋ ಮನೆಗಳಲ್ಲಿ ಆ ಸಾಲದಲ್ಲಿಯೇ ಕಾಲೇಜಿನ ಶುಲ್ಕವೂ ಸಂದಿರಬೇಕು. ಅವರು ಪಾಠದ ಕೊಠಡಿಯಲ್ಲಿ ಗ್ರಾಮೀಣ ಸಾಲದ ಮೂಲಗಳನ್ನು ಉರುಹೊಡೆಯುತ್ತಿದ್ದರು. ತಮ್ಮ ಬೀದಿಯ ಸಾಲವನ್ನು ಪಾಠಕ್ಕೆ ತರಬಹುದೆಂದು ಅವರಿಗೆ ಯಾರೂ ಹೇಳಲಿಲ್ಲ.

ನೋಡುವುದನ್ನು ಕಲಿಸಬೇಕಾಗುತ್ತದೆ ಎಂಬುದೂ ನಿಜ. ಒಮ್ಮೆ ಕುಟುಂಬದ ದುಡಿಮೆಯ ವಿವರ ಬರೆದು ತರಲು ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು ತಾಯಿಯ ಉದ್ಯೋಗದ ಎದುರು ‘ಮನೆಗೆಲಸ’ ಎಂದು ಬರೆದಿದ್ದಳು. ಅವ್ವ ಬೆಳಗಿನಿಂದ ರಾತ್ರಿಯವರೆಗೆ ಮಾಡುವುದನ್ನೆಲ್ಲ ಗಂಟೆಯ ಲೆಕ್ಕದಲ್ಲಿ ಬರೆದು ತಾರಮ್ಮ ಎಂದೆ. ಎರಡು ಹಸುವಿನ ಹಾಲು ಕರೆದು ಡೇರಿಗೆ ಹಾಕುವುದು, ಪರರ ಹೊಲದಲ್ಲಿ ಕಳೆ ತೆಗೆಯುವುದು, ಹುಲ್ಲಿನ ಹೊರೆ, ಸಂಘದ ಸಭೆ ಎಲ್ಲವೂ ಮರುದಿನದ ಪಟ್ಟಿಯಲ್ಲಿದ್ದವು. ‘ಸರ್, ನಮ್ಮವ್ವ ಕೂತದ್ದನ್ನು ಬರೆಯೋಕೆ ಜಾಗವೇ ಸಿಗಲಿಲ್ಲ’ ಎಂದಳು. ಹೆಣ್ಣುಮಕ್ಕಳ ದುಡಿಮೆ ಅಂಕಿಅಂಶಗಳಲ್ಲಿ ಏಕೆ ಕಾಣೆಯಾಗುತ್ತದೆ ಎಂಬುದನ್ನು ಅಂದು ತರಗತಿಗೆ ನಾನು ಬೇರೆಯಾಗಿ ವಿವರಿಸಬೇಕಾಗಲಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವುಗಳಲ್ಲ. ಸ್ವಂತ ಊರನ್ನು ನೋಡುವವನು ತನ್ನ ಕೇರಿಯಿಂದಲೇ ನೋಡುತ್ತಾನೆ. ಮೈಸೂರು ಸಮೀಪದ ರಾಂಪುರದಲ್ಲಿ 1948ರಲ್ಲಿ ನೆಲೆಸಿ ಅಧ್ಯಯನ ಮಾಡಿದ ಎಂ.ಎನ್. ಶ್ರೀನಿವಾಸ್ ಅವರೇ, ತಾವು ಊರನ್ನು ಕಂಡದ್ದು ಬಹುಮಟ್ಟಿಗೆ ಮೇಲ್ಜಾತಿಗಳ ಕಡೆಯಿಂದ ಎಂಬುದನ್ನು ಮರೆಮಾಚಲಿಲ್ಲ. ಹದಿನೆಂಟರ ಹುಡುಗನಿಗೆ ಆ ಎಚ್ಚರ ತಾನಾಗಿ ಬಂದೀತೇ? ಬರುವುದಿಲ್ಲ. ಅದಕ್ಕಾಗಿ ಬೇರೆ ಬೇರೆ ಕೇರಿಗಳ ಇಬ್ಬಿಬ್ಬರನ್ನು ಜತೆ ಮಾಡಿ ಕಳಿಸಬೇಕು. ಒಬ್ಬನಿಗೆ ತೆರೆಯದ ಬಾಗಿಲು ಇನ್ನೊಬ್ಬನಿಗೆ ತೆರೆಯುತ್ತದೆ. ಯಾವ ಬಾಗಿಲು ಯಾರಿಗೆ ತೆರೆಯಲಿಲ್ಲ ಎಂಬುದನ್ನೂ ಬರೆದಿಡಬೇಕು. ಅದೂ ಸಂಶೋಧನೆಯ ಫಲವೇ. ಎರಡನೆಯ ಆಕ್ಷೇಪ ಗುಟ್ಟಿನದು. ನೆರೆಮನೆಯ ಸಾಲದ ವಿವರ ಊರಿನ ಹುಡುಗನ ಕೈಗೆ ಸಿಕ್ಕರೆ ಅದು ಕಟ್ಟೆಯ ಹರಟೆಯಾಗಬಾರದು. ಹೆಸರು ಬರೆಯದೆ ಸಂಖ್ಯೆ ಮಾತ್ರ ನಮೂದಿಸುವ, ಒಪ್ಪಿಗೆ ಕೇಳಿಯೇ ಪ್ರಶ್ನೆ ಆರಂಭಿಸುವ, ಸಾಲದಂಥ ವಿಷಯಗಳಿಗೆ ಬೇರೆ ಊರಿನವರನ್ನು ಕಳಿಸುವ ಶಿಸ್ತನ್ನು ಮೊದಲ ದಿನವೇ ಕಲಿಸಬೇಕಾಗುತ್ತದೆ.

ಎರಡು ಹಳ್ಳಿಗಳ ಲೆಕ್ಕದಿಂದ ರಾಜ್ಯದ ಬಗ್ಗೆ ಏನು ಹೇಳಲಾದೀತು ಎನ್ನುವವರೂ ಇದ್ದಾರೆ. ಒಂದು ಕಾಲೇಜು ರಾಜ್ಯದ ಬಗ್ಗೆ ಹೇಳಬೇಕಾಗಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಅದರ ದೊಡ್ಡ ಕೊಡುಗೆಯೇ ಚರ್ಚೆಯನ್ನು ತಾಲ್ಲೂಕಿನ ಮಟ್ಟಕ್ಕೆ ಇಳಿಸಿದ್ದು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಅದು ಗುರುತಿಸಿತು. ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ ನಾನೂರಕ್ಕೂ ಹೆಚ್ಚಿವೆ. ಅವು ಅಂದಿನಿಂದ ತಮ್ಮ ತಮ್ಮ ತಾಲ್ಲೂಕಿನ ಎರಡೆರಡು ಹಳ್ಳಿಗಳ ಲೆಕ್ಕವನ್ನು ಇಟ್ಟುಕೊಂಡು ಬಂದಿದ್ದರೆ, ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಪರಿಶೀಲಿಸಲು 2024ರಲ್ಲಿ ಇನ್ನೊಂದು ಸಮಿತಿ ರಚನೆಯಾದಾಗ ಅದರ ಮುಂದೆ ಎಂಥ ಸಾಮಗ್ರಿ ಇರುತ್ತಿತ್ತು! ಜನಗಣತಿಯ ಮಾತೂ ಅಷ್ಟೇ. 2011ರ ಬಳಿಕದ ಗಣತಿಗೆ ನಿಗದಿಯಾದ ಉಲ್ಲೇಖ ದಿನ 2027ರ ಮಾರ್ಚ್ 1. ನಡುವಿನ ಹದಿನಾರು ವರ್ಷಗಳಲ್ಲಿ ಬರ ಬಂತು, ಕೋವಿಡ್ ಬಂತು, ಗುಳೆ ಹೋದವರು ನಡೆದು ಊರಿಗೆ ಮರಳಿದರು, 2023ರಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಇದೆಲ್ಲ ಒಂದೊಂದು ಊರಿನಲ್ಲಿ ಏನು ಮಾಡಿತು ಎಂಬುದನ್ನು ವರ್ಷ ವರ್ಷ ಬರೆದಿಟ್ಟವರು ಎಷ್ಟು ಮಂದಿ?

ಅಡ್ಡಿಗಳು ನನಗೆ ತಿಳಿಯದವೇನಲ್ಲ. ನಮ್ಮ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ತಿಳಿಯದವರಿಂದ ಹತ್ತು ವರ್ಷದ ಅಧ್ಯಯನ ನಿರೀಕ್ಷಿಸುವುದು ಹೇಗೆ? ಸಂಶೋಧನೆಗೆ ಅವಕಾಶವಿದ್ದ ನಾಲ್ಕು ವರ್ಷದ ಪದವಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ಕರ್ನಾಟಕ, 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ನಾಲ್ಕನೆಯ ವರ್ಷದ ಖರ್ಚು ಬಡ ಕುಟುಂಬಗಳಿಗೆ ಹೊರೆ ಎಂಬ ವಾದದಲ್ಲಿ ಹುರುಳಿತ್ತು. ಆದರೆ ಆ ವರ್ಷದೊಂದಿಗೆ ಕ್ಷೇತ್ರಕಾರ್ಯದ ಆಸೆಯನ್ನೂ ಬಿಟ್ಟುಕೊಡಬೇಕಾಗಿಲ್ಲ.

ಏಕೆಂದರೆ ಇದಕ್ಕೆ ಬೇಕಾದುದು ಹೆಚ್ಚೇನಲ್ಲ. ಪ್ರತಿ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಘಟಕ ವರ್ಷಕ್ಕೊಮ್ಮೆ ಏಳು ದಿನ ಹಳ್ಳಿಯಲ್ಲಿ ಶಿಬಿರ ನಡೆಸುತ್ತದೆ. ಅದರಲ್ಲಿ ಎರಡು ದಿನ ಸಮೀಕ್ಷೆಗೆ ಮೀಸಲಾಗಲಿ. ಊರು ವರ್ಷ ವರ್ಷ ಬದಲಾಗದಿರಲಿ, ಪ್ರಶ್ನೆಗಳೂ ಬದಲಾಗದಿರಲಿ: ಜಮೀನು, ನೀರು, ಕೂಲಿ, ಸಾಲ, ಗುಳೆ, ಓದು ಬಿಟ್ಟ ಮಕ್ಕಳು. ಅಧ್ಯಾಪಕರು ಬದಲಾದರೂ ಕಡತ ಮುಂದುವರಿಯುವಂತೆ ಗ್ರಂಥಾಲಯದಲ್ಲಿ ಅದಕ್ಕೊಂದು ಸ್ಥಾನವಿರಲಿ. ವರದಿ ಕನ್ನಡದಲ್ಲಿರಲಿ. ಅತಿಥಿ ಉಪನ್ಯಾಸಕರ ಕಾರ್ಯಭಾರದಲ್ಲಿ ಈ ಗಂಟೆಗಳೂ ಸೇರಲಿ. ಕಾಯಂ ಅಧ್ಯಾಪಕರ ಬಡ್ತಿಯಲ್ಲಿ ಇಂಥ ಒಂದು ಕಡತಕ್ಕೆ, ಯಾರೂ ಓದದ ಹತ್ತು ಲೇಖನಗಳಿಗಿಂತ ಹೆಚ್ಚಿನ ಬೆಲೆ ಸಿಗಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಕಂಡದ್ದನ್ನು ಊರಿಗೆ ಹಿಂದಿರುಗಿಸಬೇಕು. ನಮ್ಮ ಹಳ್ಳಿಗರು ಪ್ರಶ್ನೆಗೆ ಉತ್ತರ ಕೊಟ್ಟು ದಣಿದಿದ್ದಾರೆ. ಗಣತಿಯವರು, ಬ್ಯಾಂಕಿನವರು, ಪಕ್ಷದವರು, ಸಂಸ್ಥೆಗಳವರು ಬಂದು ಬರೆದುಕೊಂಡು ಹೋಗುತ್ತಾರೆ; ಬರೆದದ್ದು ಏನಾಯಿತೆಂದು ಹೇಳಲು ಮರಳಿ ಬರುವವರಿಲ್ಲ. ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅಲ್ಲಿ ಅದೇ ಊರಿನ ವಿದ್ಯಾರ್ಥಿನಿ ಎದ್ದು ನಿಂತು, ಕಳೆದ ವರ್ಷ ನಮ್ಮೂರಿನಲ್ಲಿ ಇಷ್ಟು ಮನೆಗಳು ಸಾಲಕ್ಕಾಗಿ ದನ ಮಾರಿವೆ, ಇಷ್ಟು ಮಕ್ಕಳು ಶಾಲೆ ಬಿಟ್ಟಿದ್ದಾರೆ ಎಂದು ಹೆಸರು ಹೇಳದೆ ಓದಿದರೆ, ಅದನ್ನು ಪಂಚಾಯಿತಿ ಅಷ್ಟು ಸುಲಭವಾಗಿ ತಳ್ಳಿಹಾಕಲಾರದು. ಲೆಕ್ಕ ತಪ್ಪಿದ್ದರೆ ಊರಿನವರೇ ತಿದ್ದುತ್ತಾರೆ. ಯಾವ ನಿಯತಕಾಲಿಕದ ತಜ್ಞರೂ ಮಾಡಲಾರದಷ್ಟು ಕಟ್ಟುನಿಟ್ಟಿನ ಪರಿಶೀಲನೆ ಅದು.